ಎರಡೂವರೆ ಕೊಡ ಗಾಳಿ, ಎರಡು ಚಮಚ ನೀರು

ಕಾದ ಇಸ್ತ್ರಿಪೆಟ್ಟಿಗೆಯ ತಳವನ್ನು ಮುಟ್ಟಿ ನೋಡುವ ಧೈರ್ಯ ಯಾರಿಗೂ ಇಲ್ಲ. 1000 ವಾಟ್‌ನ ಇಸ್ತ್ರಿಪೆಟ್ಟಿಗೆಯ ತಳದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆಗ ಒಂದು ಚದರ ಸೆಂಟಿಮೀಟರಿನ ಪಾಲಿಗೆ ಬರುವುದು 5 ವಾಟ್ ಮಾತ್ರ. ದೊಡ್ಡ ಕಂಪ್ಯೂಟರುಗಳ ಪ್ರೊಸೆಸರಿನಲ್ಲಿ ಅಂಚೆಚೀಟಿಯಷ್ಟಗಲದ ಸಿಲಿಕಾನ್ ಬಿಲ್ಲೆಯೊಂದರಿಂದಲೇ ಸುಮಾರು 200 ವಾಟ್ ಶಾಖ ಹೊರಡುತ್ತದೆ. ಅಂದರೆ ಇಸ್ತ್ರಿಪೆಟ್ಟಿಗೆಯ ಐದಾರು ಪಟ್ಟು! ಆದರೂ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ.

ಯಶವಂತಪುರದ ಪಕ್ಕದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ 'ಪರಮ್ ಪ್ರವೇಗ' ಎಂಬ ಸೂಪರ್ ಕಂಪ್ಯೂಟರ್ ಕಾರ್ಯಾರಂಭ ಮಾಡಿತು. ಅದರ ಗರಿಷ್ಠ ವೇಗ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕಗಳು. ಒಟ್ಟು 624 ಗಣಕ ಘಟಕಗಳು ಇಲ್ಲಿ ಒಟ್ಟಾಗಿ ದುಡಿಯುತ್ತವೆ. ಘಟಕವೊಂದಕ್ಕೆ ಎರಡು ಪ್ರೊಸೆಸರ್‌ಗಳ 400 ವಾಟ್ ಎಂದು ಹಿಡಿದರೂ ಸುಮಾರು 250 ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಕೋಣೆಯಲ್ಲಿ ಹಗಲಿರುಳೂ ಉರಿಸಿದಂತಾಯಿತು.

ಇಷ್ಟು ಶಾಖ ಎಲ್ಲಿಂದ ಬರುತ್ತದೆ? ಪ್ರೊಸೆಸರಿನೊಳಗೆ ಕೋಟ್ಯಂತರ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ನೂರಾರು ಕೋಟಿ ಸಲ ಸ್ವಿಚ್ಚಿನಂತೆ ಹಾಕಿ ತೆಗೆದು ಆಗುತ್ತಿರುತ್ತವೆ. ಒಳಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಶಕ್ತಿಯನ್ನು ನಾಶಮಾಡಲು ಸಾಧ್ಯವಿಲ್ಲವೆಂದು ಪಠ್ಯಪುಸ್ತಕದಲ್ಲಿ ಓದಿದ್ದೇವಲ್ಲ? ಆದ್ದರಿಂದ ಶಾಖವನ್ನು 'ಇಲ್ಲವಾಗಿಸುವ' ಉಪಾಯವೇ ಇಲ್ಲ. ಅದನ್ನು ಬೇರೆ ಕಡೆಗೆ ಸಾಗಿಸಬಹುದು, ಅಷ್ಟೆ.

ಸಾಮಾನ್ಯ ಸರ್ವರುಗಳಲ್ಲಿ ಈ ಸಾಗಣೆಯ ಕೆಲಸ ಗಾಳಿಯದು. ಸರ್ವರುಗಳನ್ನು 'ರ‍್ಯಾಕ್' ಎಂಬ ಬೀರುವಿನಂಥ ಚೌಕಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ತೀರ ತೆಳುವಾದ ಸರ್ವರಿನ ಎತ್ತರ ಒಂದೂಮುಕ್ಕಾಲು ಅಂಗುಲ, ಅಂದರೆ 44.45 ಮಿಲಿಮೀಟರ್. ಪ್ರೊಸೆಸರಿನ ಶಾಖ ಮೊದಲು ತಾಮ್ರದ ತಟ್ಟೆಗೆ, ಅಲ್ಲಿಂದ ತೆಳು ಲೋಹದ ಪದರಗಳಿಗೆ, ಕೊನೆಗೆ ಗಾಳಿಗೆ ದಾಟುತ್ತದೆ. ಬಿಲ್ಲೆಗೂ ತಾಮ್ರಕ್ಕೂ ನಡುವಿನ ಸಂದಿನಲ್ಲಿ ಗಾಳಿ ಉಳಿದರೆ ಅದು ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಆದ್ದರಿಂದ ಅಲ್ಲಿ ಶಾಖವಾಹಕ ಲೇಪ ಹಚ್ಚುತ್ತಾರೆ.

ಇಷ್ಟು ಗಿಡ್ಡ ಪೆಟ್ಟಿಗೆಯೊಳಗೆ ದೊಡ್ಡ ಫ್ಯಾನ್ ಹಿಡಿಸುವುದಿಲ್ಲ. 40 ಮಿಲಿಮೀಟರಿನ ಪುಟ್ಟ ಫ್ಯಾನುಗಳೇ ಗತಿ. ಅವು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತಬೇಕಾಗುತ್ತದೆ. ಸರ್ವರ್ ಕೋಣೆಯ ಕಿವಿಗಡಚಿಕ್ಕುವ ಶಬ್ದಕ್ಕೆ ಇದೇ ಕಾರಣ. ಫ್ಯಾನಿನ ವೇಗವನ್ನು ಎರಡು ಪಟ್ಟು ಮಾಡಿದರೆ ಅದು ಬಳಸುವ ವಿದ್ಯುತ್ತು ಸುಮಾರು ಎಂಟು ಪಟ್ಟಾಗುತ್ತದೆ! ಅಷ್ಟಾಗಿಯೂ ಶಾಖ ಇಳಿಯದಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಒಂದು ದಿನದಲ್ಲಿ ಮುಗಿಯಬೇಕಾದ ಲೆಕ್ಕ ಮರುದಿನಕ್ಕೆ ಮುಂದುವರಿಯುತ್ತದೆ.

ಈಗ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. 400 ವಾಟ್ ಶಾಖವನ್ನು ಹೊರಸಾಗಿಸಬೇಕು, ಸಾಗಿಸುವ ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಹೆಚ್ಚು ಏರಬಾರದು. ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 1000 ಜೂಲ್ ಬೇಕು. ಹಾಗಾದರೆ ಸೆಕೆಂಡಿಗೆ 40 ಗ್ರಾಂ ಗಾಳಿ ಹರಿಯಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ಹತ್ತನೇ ಒಂದು ಪಾಲು ತೆಳು. ಇಲ್ಲಿ 40 ಗ್ರಾಂ ಎಂದರೆ ಸುಮಾರು 38 ಲೀಟರ್, ಅಂದರೆ ಪ್ರತಿ ಸೆಕೆಂಡಿಗೂ ಎರಡೂವರೆ ಕೊಡ ಗಾಳಿ!

ಇದೇ ಕೆಲಸಕ್ಕೆ ನೀರು ಎಷ್ಟು ಬೇಕು? ನೀರಿಗೆ ಕಿಲೋಗೆ 4180 ಜೂಲ್. ಲೆಕ್ಕ ಮಾಡಿದರೆ ಸೆಕೆಂಡಿಗೆ 10 ಮಿಲಿಲೀಟರಿಗಿಂತಲೂ ಕಡಿಮೆ, ಬರೀ ಎರಡು ಚಮಚ! ಮಗುವಿನ ಬಿಸಿ ಹಾಲನ್ನು ಬೇಗ ಆರಿಸಲು ತಾಯಿ ಲೋಟವನ್ನು ನೀರಿನ ತಟ್ಟೆಯಲ್ಲಿಡುವುದು ಇದಕ್ಕೇ. 'ಪರಮ್ ಪ್ರವೇಗ'ದಲ್ಲಿಯೂ ಪ್ರೊಸೆಸರುಗಳ ಮೇಲೆ ಕೂರಿಸಿದ ಲೋಹದ ತಟ್ಟೆಗಳೊಳಗೆ ದ್ರವ ಹರಿದು ಶಾಖವನ್ನು ನೇರವಾಗಿ ಹೀರಿಕೊಳ್ಳುತ್ತದೆ.

ಈ ದ್ರವ ತಣ್ಣಗೆ ಕೊರೆಯುತ್ತಿರಬೇಕಿಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಶಾಖ ಬಿಸಿಯಿಂದ ತಂಪಿನೆಡೆಗೆ ಹರಿಯುತ್ತದೆ. ಪ್ರೊಸೆಸರ್ 75 ಡಿಗ್ರಿಯಲ್ಲಿದ್ದರೆ 40 ಡಿಗ್ರಿಯ ನೀರೂ ಅದಕ್ಕೆ ತಂಪೇ! ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನ ಭಾರಿ ಸೆಕೆಯಲ್ಲೂ ಉಷ್ಣತೆ 39.2 ಡಿಗ್ರಿ ದಾಟಲಿಲ್ಲ. ಹೀಗಾಗಿ ವರ್ಷದ ಬಹುಪಾಲು ದಿನ ಹೊರಗಿನ ಗಾಳಿಯಿಂದಲೇ ಅಂಥ ನೀರನ್ನು ಮತ್ತೆ ಆರಿಸಿಕೊಳ್ಳಬಹುದು. ವಿದ್ಯುತ್ ನುಂಗುವ ಶೀತಲಯಂತ್ರದ ಹೊರೆ ಇಳಿಯುತ್ತದೆ.

ಆದರೆ ಎಚ್ಚರವೂ ಬೇಕು. ಪ್ರೊಸೆಸರಿನ ಬಳಿ ಸುತ್ತುವ ನೀರು ಕೊಳವೆಯೊಳಗೇ ಉಳಿಯುತ್ತದೆ, ಖರ್ಚಾಗುವುದಿಲ್ಲ. ಹೊರಗೆ ನೀರನ್ನು ಆವಿಮಾಡಿ ತಂಪು ಪಡೆಯುವ ಗೋಪುರಗಳಿದ್ದರೆ ಮಾತ್ರ ದಿನದಿನವೂ ಹೊಸ ನೀರು ಸುರಿಯಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಬಿಂದಿಗೆ ಹಿಡಿದು ಕಾದ ಊರು ಇದು. ಆದ್ದರಿಂದ ಹೊಸ ಗಣಕ ಕೇಂದ್ರ ಬರುತ್ತದೆಂದು ಕೇಳಿದಾಗ ಅದರ ವೇಗದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದನ್ನು ಮಕ್ಕಳು ಕಲಿಯಬೇಕು: ಅದರ ಶಾಖ ಎಲ್ಲಿಗೆ ಹೋಗುತ್ತದೆ, ಯಾರ ನೀರಿನಿಂದ?