ಬಾಳೆಗೆ ಕಡಲ ಋಣ
ಲೋಕಾಪುರದ ಬಯಲಿಗೆ ಕಡಲು ದೂರ. ಆದರೆ ಇಲ್ಲಿ ನೆಡುವ ಅಂಗಾಂಶ ಕೃಷಿಯ ಬಾಳೆ ಸಸಿ ಪ್ರಯೋಗಾಲಯದ ಬಾಟಲಿಯಲ್ಲಿ ಕಣ್ಣು ಬಿಡುವುದು ಸಾಮಾನ್ಯವಾಗಿ ಅಗರ್ ಲೋಳೆಯ ಮೇಲೆ. ಕೆಂಪು ಕಡಲಪಾಚಿಯನ್ನು ತೊಳೆದು, ಕುದಿಸಿ, ಸೋಸಿ, ಹೆಪ್ಪುಗಟ್ಟಿಸಿ ನೀರು ಬಸಿದರೆ ಸಿಗುವ ಅಗರ್ ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೆ ಕರಗದು. ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್ ನಮ್ಮ ಬೇಸಿಗೆಗೇ ನೀರಾಗುತ್ತದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ಇಂಥ ಪಾಚಿ ಕೀಳುವ ಹೆಂಗಸರು ತಾವೇ ಕಟ್ಟಳೆ ಮಾಡಿಕೊಂಡು ತಿಂಗಳಿಗೆ 12 ದಿನವಷ್ಟೇ ಕಡಲಿಗೆ ಇಳಿಯುತ್ತಾರೆ, ಬುಡ ಕೆರೆಯದೆ ಕೈಯಿಂದ ಕೀಳುತ್ತಾರೆ. ಉಳಿದ ಬುಡ ಮತ್ತೆ ಚಿಗುರುತ್ತದೆ. ಕಬ್ಬು ಕಡಿದು ಕುಳೆ ಕಾಯುವ ನಮ್ಮ ರೈತರಿಗೆ ಈ ಲೆಕ್ಕ ಹೊಸದಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯುಳ್ಳ ನಾವು ಅಗರ್ ಉದ್ಯಮ ಕಟ್ಟುವುದಾದರೆ, ಯಂತ್ರಕ್ಕಿಂತ ಮೊದಲು ಆ ಹೆಂಗಸರ ಕಟ್ಟಳೆಯನ್ನು ತರಬೇಕು.