ಅಪ್‌ಗ್ರೇಡ್ ಅಂದ್ರೆ ಎಲ್ಲಾ ಬಿಸಾಡೋದಾ?

ಗೇಮಿಂಗ್ ಕಂಪ್ಯೂಟರ್ ಅಪ್‌ಗ್ರೇಡ್ ಮಾಡಿಸ್ಬೇಕು ಅಂತ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ. ಇರೋ ಮೆಷಿನ್ನಿನಲ್ಲಿ ಏನೇನಿದೆ ಅಂತ ವಿಚಾರಿಸೋರು ಎಷ್ಟು ಜನ ಸಿಗ್ತಾರೆ? ಸೀದಾ ಹೊಸ ಕೊಟೇಶನ್ ಬರುತ್ತೆ, ಪ್ರೊಸೆಸರಿನಿಂದ ಹಿಡಿದು ಬಣ್ಣಬಣ್ಣದ ದೀಪದ ಗಾಜಿನ ಡಬ್ಬದವರೆಗೆ. ಹಳೇದರ ಗತಿ? "ಅದಿ ಪಾತದಿ ಸಾರ್, ವದಿಲೇಯಂಡಿ" ಅಂತ ಒಂದು ನಗು. ನಮ್ಮೂರಲ್ಲಿ ನೇಗಿಲ ಕುಳ ಸವೆದ್ರೆ ಕಮ್ಮಾರನ ಹತ್ರ ತಟ್ಟಿಸ್ಕೊಂಡು ಬರ್ತಿದ್ರು, ನೇಗಿಲನ್ನೇ ಒಲೆಗೆ ಹಾಕ್ತಿರ್ಲಿಲ್ಲ ಮಾರಾಯ್ರೇ!

ಬೆಂಗಳೂರಿನ ಎಸ್.ಪಿ. ರೋಡು, ಇಲ್ಲಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರು (ಸಿಟಿಸಿ ಅಂದ್ರೆ ಆಟೋದವರಿಗೂ ಗೊತ್ತು) ನಮ್ಮಂಥ ಬಾಡಿಗೆ ಮನೆ ಮಂದಿಗೆ ಇಷ್ಟ ಆಗಿದ್ದೇ ಯಾಕೆ? ಈ ವರ್ಷ ರ್‍ಯಾಮ್, ಬೋನಸ್ ಬಂದ್ರೆ ಮುಂದಿನ ವರ್ಷ ಕಾರ್ಡು ಅಂತ ಬಿಡಿಬಿಡಿಯಾಗಿ ಕಟ್ಟಬಹುದಿತ್ತು. ಅಸೆಂಬಲ್ಡ್ ಕಂಪ್ಯೂಟರಿನ ಮರ್ಯಾದೆ ಇರೋದೇ ಅಲ್ಲಿ. ಒಟ್ಟಿಗೆ ತಗೊಂಡು ಒಟ್ಟಿಗೆ ಎಸೆಯೋದಾದ್ರೆ ಲ್ಯಾಪ್‌ಟಾಪೇ ಸಾಕಲ್ವಾ?

ತಪ್ಪು ಅಂಗಡಿಯವರದ್ದು ಮಾತ್ರ ಅಲ್ಲ ಅನ್ನಿ. ಇಂಟೆಲ್ 2017ರಲ್ಲಿ 8ನೇ ತಲೆಮಾರಿನ ಪ್ರೊಸೆಸರ್ ತಂದಾಗ ಸಾಕೆಟ್ಟಿನ ಹೆಸರು ಅದೇ 1151, ಪಿನ್ನುಗಳ ಸಂಖ್ಯೆಯೂ ಅದೇ. ಆದ್ರೆ ಹಳೇ ಬೋರ್ಡಿನಲ್ಲಿ ನಡೆಯಲ್ಲ, ಹೊಸ ಬೋರ್ಡ್ ತಗೊಳ್ಳಿ! ಎಎಂಡಿಯವರ ಎಎಂ4 ನೋಡಿ. 2017ರ ಮೊದಲ ರೈಝೆನ್ ಕೂತ ಬೋರ್ಡುಗಳಲ್ಲಿ ಬಹಳಷ್ಟರ ಮೇಲೆ, ಬಯಾಸ್ ಅಪ್‌ಡೇಟ್ ಮಾಡಿದ್ರೆ, 2022ರಲ್ಲಿ ಬಂದ 5800ಎಕ್ಸ್3ಡಿ ಕೂರುತ್ತೆ. ಗೇಮಿಗೆ ಇವತ್ತಿಗೂ ಗಟ್ಟಿ ಪ್ರೊಸೆಸರ್ ಅದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಾಗ "ನಿಮ್ಮ ಕಂಪ್ಯೂಟರ್ ಸತ್ತಂಗೆ" ಅಂತ ಎಲ್ಲರೂ ಹೆದರಿಸಿದ್ರು. ಮೊದಲ ರೈಝೆನ್ನನ್ನು ವಿಂಡೋಸ್ 11 ಒಪ್ಪಲ್ಲ, ನಿಜ. ಅದೇ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಿದ್ರೆ ಒಪ್ಪುತ್ತೆ. ಇದನ್ನ ನಿಮಗೆ ಯಾರು ಹೇಳಿದ್ರು?

ಡಿಡಿಆರ್3 ಕಾಲದ ನಾಲ್ಕು ಕೋರಿನ ಮುದುಕ ನಿಮ್ಮಲ್ಲಿದ್ರೆ ಬೋರ್ಡು, ಪ್ರೊಸೆಸರು, ರ್‍ಯಾಮು ಮೂರೂ ಬದಲಾಗ್ಲೇಬೇಕು, ವಾದ ಇಲ್ಲ. ಆದ್ರೆ ಕ್ಯಾಬಿನೆಟ್ಟು, ಡಿಸ್ಕು, ಮಾನಿಟರು ಏನು ಪಾಪ ಮಾಡಿದ್ವು?

ರ್‍ಯಾಮನ್ನಂತೂ ಈಗ ಬಿಸಾಡೋದು ಶುದ್ಧ ಹುಚ್ಚುತನ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಹಸಿವಿಗೆ ಮೆಮೊರಿ ಬೆಲೆ ಎಲ್ಲಿಗೆ ಹೋಯ್ತು ಅಂತ ಕೊಂಡವರಿಗೆ ಗೊತ್ತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥವರು ಕೊಳ್ಳುವ 'ಕ್ರೂಶಿಯಲ್' ವ್ಯಾಪಾರವನ್ನೇ ನಿಲ್ಲಿಸ್ತೀವಿ ಅಂತ ಘೋಷಿಸಿತು. 2019ರಲ್ಲಿ ಹೈದರಾಬಾದಿನಲ್ಲೇ ದೊಡ್ಡ ಕೇಂದ್ರ ತೆರೆದ ಕಂಪನಿ! ನಮ್ಮ ಹುಡುಗರು ಮೆಮೊರಿ ಚಿಪ್ಪಿನ ಕೆಲಸ ಮಾಡೋ ಊರಿನಲ್ಲಿ ಒಂದು ರ್‍ಯಾಮ್ ಕಡ್ಡಿಗೆ ನಾವು ಎರಡೆರಡು ಸಲ ಜೇಬು ಮುಟ್ಟಿ ನೋಡ್ಕೋಬೇಕು.

ಇನ್ನು ದುಡ್ಡು ಎಲ್ಲಿ ಉಳಿಸ್ತಾರೆ ನೋಡಿ. ಗಾಜು, ದೀಪಕ್ಕೆ ಧಾರಾಳ, ಕಣ್ಣಿಗೆ ಕಾಣದ ಎಸ್‌ಎಂಪಿಎಸ್‌ಗೆ ಕಂಜೂಸಿ. ವೋಲ್ಟೇಜ್ ಏರಿಳಿತವನ್ನ, ಇಲ್ಲಿನ ಏಪ್ರಿಲ್ ಬಿಸಿಲನ್ನ ಮೊದಲು ತಡ್ಕೊಳ್ಳೋದು ಅದೇ ಡಬ್ಬಿ. ಅದರ ಮೇಲಿನ '80 ಪ್ಲಸ್' ಚೀಟಿ ವಿದ್ಯುತ್ ಎಷ್ಟು ಪೋಲಾಗುತ್ತೆ ಅನ್ನೋದನ್ನಷ್ಟೇ ಹೇಳುತ್ತೆ, ಕಾರ್ಡನ್ನ ಕಾಪಾಡುತ್ತೆ ಅಂತ ಅಲ್ಲ. ಹಾಗೇ ಎರಡು 8 ಜಿಬಿ ಕಡ್ಡಿ ಹಾಕೋ ಕಡೆ ಒಂದೇ 16 ಜಿಬಿ ತುರುಕ್ತಾರೆ. ಎರಡು ದಾರಿಯಲ್ಲಿ ಹರಿಯೋ ಡೇಟಾ ಒಂದೇ ದಾರಿ ಹಿಡಿಯುತ್ತೆ, ಗೇಮು ತಡವರಿಸುತ್ತೆ. ಆರು ತಿಂಗಳಿಗೆ ಮಗ ಮತ್ತೆ "ಅಪ್ಪಾ, ಅಪ್‌ಗ್ರೇಡ್" ಅಂತಾನೆ.

ದುಡ್ಡು ತೆಗೆಯೋ ಮುಂಚೆ ಗೇಮ್ ಓಡ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಗ್ರಾಫಿಕ್ಸ್ ಕಾರ್ಡು ನೂರರ ಹತ್ತಿರ ಒದ್ದಾಡ್ತಿದ್ರೆ ಕಾರ್ಡ್ ಸಾಲ್ತಿಲ್ಲ. ಅದು ಅರ್ಧಕ್ಕೆ ಆರಾಮಾಗಿ ಕೂತಿದ್ದೂ ಚಿತ್ರ ನಿಂತು ನಿಂತು ಬರ್ತಿದ್ರೆ ಪ್ರೊಸೆಸರನ್ನೋ ರ್‍ಯಾಮನ್ನೋ ಅನುಮಾನಿಸಿ. ಆಮೇಲೆ ಇಡೀ ಡಬ್ಬವನ್ನೇ ಹೊತ್ಕೊಂಡು ಸಿಟಿಸಿಗೆ ಹೋಗಿ. ಕೊಟೇಶನ್ ಬರೆಯೋ ಮೊದಲು ಪಕ್ಕದ ಮುಚ್ಚಳ ಬಿಚ್ಚಿ ಒಳಗೆ ಟಾರ್ಚ್ ಬಿಡೋ ಜನ ಅಲ್ಲಿ ಇನ್ನೂ ಇದ್ದಾರೆ, ಸ್ವಲ್ಪ ಮೆಟ್ಟಿಲು ಹತ್ತಬೇಕು ಅಷ್ಟೇ.