ನೋವು ಹೇಳಿಕೊಳ್ಳುವುದು ಹೇಡಿತನವಲ್ಲ

ನನ್ನ ಮಾಮು ಹದಿನೇಳು ವರ್ಷ ಸೈನ್ಯದಲ್ಲಿದ್ದು ಹೋದ ವರ್ಷ ನಿವೃತ್ತರಾಗಿ ಊರಿಗೆ ಬಂದರು. ಈಗ ಮಹಡಿ ಹತ್ತುವಾಗ ಎರಡೆರಡು ಮೆಟ್ಟಿಲಿಗೆ ನಿಲ್ಲುತ್ತಾರೆ. ಲಡಾಖ್‌ನಲ್ಲಿ ರಾತ್ರಿ ಪಹರೆಗೆ ಹೋದಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟಾಗಿತ್ತು. ಇಷ್ಟಕ್ಕೆಲ್ಲ ಆಸ್ಪತ್ರೆಗೆ ಹೋದರೆ ಜೊತೆಯವರು ನಗುತ್ತಾರೆಂದು ಮುಲಾಮು ಹಚ್ಚಿಕೊಂಡು ಸುಮ್ಮನಾದರು. ಗಾಯದ ವರದಿ ಬರೆಸಲಿಲ್ಲ.

ಸೇವೆಯಿಂದ ಬಿಡುಗಡೆಯಾಗುವ ಮೊದಲು ವೈದ್ಯಕೀಯ ಮಂಡಳಿ ಮುಖ್ಯವಾಗಿ ಎರಡು ವಿಷಯ ನೋಡುತ್ತದೆ. ವೈಕಲ್ಯ ಶೇಕಡಾ ಎಷ್ಟು? ಅದು ಸೇವೆಯ ಕಾರಣದಿಂದ ಬಂದದ್ದೇ ಅಥವಾ ಸೇವೆಯಿಂದ ಹೆಚ್ಚಾದದ್ದೇ? ಅವಧಿ ಮುಗಿಸಿ ಬರುವ ಸೈನಿಕನಿಗೆ ವೈಕಲ್ಯ ಶೇ. 20 ಅಥವಾ ಅದಕ್ಕಿಂತ ಹೆಚ್ಚಿದ್ದು, ಸೇವೆಯ ಸಂಬಂಧವೂ ಒಪ್ಪಿಗೆಯಾದರೆ ಪಿಂಚಣಿಯ ಜೊತೆಗೆ ವೈಕಲ್ಯದ ಹಣ ಸಿಗುತ್ತದೆ. ಮಾಮು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತರು. "ಯಾವಾಗ ಬಿದ್ದಿರಿ, ದಾಖಲೆ ಎಲ್ಲಿ?" ಎಂಬ ಪ್ರಶ್ನೆಗೆ ಅವರ ಬಳಿ ಒಂದು ಹಾಳೆಯೂ ಇರಲಿಲ್ಲ. ಈಗ ಮೇಲ್ಮನವಿ ಹಾಕಿ ಕಾಯುತ್ತಿದ್ದಾರೆ.

ಸೇರುವಾಗ ದಾಖಲಾಗದ ಕಾಯಿಲೆಯನ್ನು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ ಸಿಗಬೇಕು ಎಂದು 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2023ರಲ್ಲಿ ಹೊಸ ನಿಯಮಗಳು ಬಂದಿವೆ. ಹಳೆಯ ತೀರ್ಪನ್ನೇ ನಂಬಿ ಕೂರುವಂತಿಲ್ಲ. ಕೋರ್ಟು, ನ್ಯಾಯಮಂಡಳಿ ಎಂದು ವರ್ಷಗಟ್ಟಲೆ ಅಲೆಯುವುದಕ್ಕಿಂತ ಬಿದ್ದ ದಿನವೇ ವರದಿ ಬರೆಸುವುದು ಸುಲಭ.

ಇದು ನಮಗೇಕೆ ಎನ್ನಬೇಡಿ. ನಮ್ಮ ತರಗತಿಯಲ್ಲೇ ಅಗ್ನಿವೀರ್ ಆಗಲು ಬೆಳಗ್ಗೆ ಐದಕ್ಕೆದ್ದು ಓಡುವವರಿದ್ದಾರೆ. ಅವರ ಸೇವೆ ನಾಲ್ಕೇ ವರ್ಷ, ಪಿಂಚಣಿಯಿಲ್ಲ. ಸೇವೆಯಿಂದ ಉಂಟಾದ ವೈಕಲ್ಯ ಶೇ. 100 ಇದ್ದರೆ 44 ಲಕ್ಷ, ಶೇ. 75ಕ್ಕೆ 25 ಲಕ್ಷ, ಶೇ. 50ಕ್ಕೆ 15 ಲಕ್ಷ ರೂಪಾಯಿ ಒಮ್ಮೆ ಮಾತ್ರ ಸಿಗುತ್ತದೆ. ಅಲ್ಲಿಯೂ ಸೇವೆಯ ಸಂಬಂಧ ತೋರಿಸಲೇಬೇಕು.

ಸುಳ್ಳು ನೋವು ಹೇಳಿ ಹಣ ಪಡೆಯುವವರೂ ಇದ್ದಾರಲ್ಲ ಎಂದು ಗೆಳತಿಯೊಬ್ಬಳು ಕೇಳಿದಳು. ಇರಬಹುದು. ಆದರೆ ಸುಳ್ಳನ್ನೂ ನಿಜವನ್ನೂ ಬೇರ್ಪಡಿಸುವುದು ಆ ದಿನವೇ ಬರೆದ ಕಾಗದವೇ. ಕಾಗದವಿಲ್ಲದಿದ್ದರೆ ನಷ್ಟವಾಗುವುದು ಪ್ರಾಮಾಣಿಕನಿಗೆ. ನೋವು ನುಂಗುವುದು ಗಂಡಸುತನ ಎಂದು ನಾವು ಮನೆಯಲ್ಲಿ, ಮೈದಾನದಲ್ಲಿ ಕಲಿಸುತ್ತೇವೆ. ಮಾಮು ಅದನ್ನು ಚೆನ್ನಾಗಿ ಕಲಿತಿದ್ದರು.

ಪ್ರಾಂಶುಪಾಲರಲ್ಲಿ, ಎನ್‌ಸಿಸಿ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಅಧಿಕಾರಿಯೊಬ್ಬರನ್ನು ಕಾಲೇಜಿಗೆ ಕರೆಸಿ ಒಂದು ಗಂಟೆ ಮಾತನಾಡಿಸಿ. ಸೈನ್ಯ ಸೇರುವುದು ಹೇಗೆಂದು ಹೇಳುವವರು ಬಹಳ ಜನ. ಮರಳಿ ಬರುವಾಗ ಏನೇನು ಕೈಯಲ್ಲಿರಬೇಕೆಂದು ನಮ್ಮ ಹುಡುಗರಿಗೆ ಯಾರೂ ಹೇಳಿಲ್ಲ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ